ಅಂಪೈರನ ಬೆರಳು, ನಮ್ಮ ಕಣ್ಣು

ನಮ್ಮ ತಂಡ ಸೋಲುವುದೆಂಬುದೇ ಇಲ್ಲ. ಗೆದ್ದರೆ ಅದು ನಮ್ಮವರ ಶೌರ್ಯ. ಗೆಲ್ಲದೆ ಹೋದರೆ ಅದು ಅಂಪೈರನ ದ್ರೋಹ. ಹೋಟೆಲಿನ ಮೇಜಿನಿಂದ ಹಿಡಿದು ಕ್ಷೌರದಂಗಡಿಯ ಬೆಂಚಿನವರೆಗೆ, ಆಫೀಸಿನ ಕಾಫಿ ವಿರಾಮದಿಂದ ಹಿಡಿದು ಮದುವೆಮನೆಯ ಪಂಕ್ತಿಯವರೆಗೆ ಈ ಸಿದ್ಧಾಂತಕ್ಕೆ ಎದುರು ಹೇಳುವವರು ಸಿಗುವುದು ದುರ್ಲಭ. ರಾಜಕೀಯದಲ್ಲಿ ಹತ್ತು ಪಕ್ಷ, ದೋಸೆಯ ವಿಷಯದಲ್ಲಿ ಇಪ್ಪತ್ತು ಅಭಿಪ್ರಾಯ ಇಟ್ಟುಕೊಂಡಿರುವ ಜನ ಇದೊಂದರಲ್ಲಿ ಮಾತ್ರ ಒಮ್ಮತದಿಂದಿದ್ದಾರೆ. ಇಂಥ ಒಮ್ಮತ ಕಂಡಾಗ ಸ್ವಲ್ಪ ಸಂಶಯಪಡುವುದು ಆರೋಗ್ಯಕ್ಕೆ ಒಳ್ಳೆಯದು.

ಅಂಪೈರುಗಳು ತಪ್ಪು ಮಾಡುವುದಿಲ್ಲವೆಂದು ನಾನು ವಾದಿಸಹೊರಟಿಲ್ಲ. ಮಾಡುತ್ತಾರೆ, ಕೆಲವೊಮ್ಮೆ ಕಣ್ಣಿಗೆ ರಾಚುವಂಥ ತಪ್ಪುಗಳನ್ನೇ ಮಾಡುತ್ತಾರೆ. ಒಂದು ಕಡೆಗೆ ವಾಲುವುದೂ ಉಂಟು. ನನ್ನ ತಕರಾರು ಬೇರೆ. ನಮ್ಮ ಅಭಿಮಾನಿ ಮಹಾಶಯರಿಗೆ ಪಕ್ಷಪಾತವಿಲ್ಲದ ಅಂಪೈರು ಬೇಕಾಗಿಲ್ಲ. ತಮ್ಮ ಕಡೆ ಪಕ್ಷಪಾತ ತೋರುವ ಅಂಪೈರು ಬೇಕು. ಇದು ಗಂಭೀರವಾದ ಆರೋಪ. ಆದ್ದರಿಂದ ಸಾಕ್ಷ್ಯ ಒದಗಿಸುವುದು ನನ್ನ ಹೊಣೆ.

ಮೊದಲು ಅವರ ಪರವಾದ ಅತ್ಯಂತ ಬಲವಾದ ಪ್ರಕರಣವನ್ನೇ ಎತ್ತಿಕೊಳ್ಳೋಣ. 2008ರ ಜನವರಿಯ ಸಿಡ್ನಿ ಟೆಸ್ಟು. ಅನಿಲ್ ಕುಂಬ್ಳೆ ನಮ್ಮ ನಾಯಕರು. ಆರು ವಿಕೆಟ್ ಕಳೆದುಕೊಂಡಿದ್ದ ಆಸ್ಟ್ರೇಲಿಯದ ಪರ ಆಡುತ್ತಿದ್ದ ಆಂಡ್ರೂ ಸೈಮಂಡ್ಸ್ 30 ರನ್ ಮಾಡಿದ್ದಾಗ ಇಶಾಂತ್ ಶರ್ಮರ ಚೆಂಡು ಅವರ ಬ್ಯಾಟಿನ ಅಂಚು ಸವರಿ ಧೋನಿಯವರ ಕೈ ಸೇರಿತು. ಅಂಪೈರ್ ಸ್ಟೀವ್ ಬಕ್ನರ್ ತಲೆಯಾಡಿಸಿಬಿಟ್ಟರು. ಸೈಮಂಡ್ಸ್ ಔಟಾಗದೆ 162 ರನ್ ಮಾಡಿದರು. ಕೊನೆಯ ದಿನ ರಾಹುಲ್ ದ್ರಾವಿಡರ ಬ್ಯಾಟಿಗೆ ತಾಗದ ಚೆಂಡಿಗೆ ಅದೇ ಬಕ್ನರರ ಬೆರಳು ಮೇಲಕ್ಕೆದ್ದಿತು. ಸೌರವ್ ಗಂಗೂಲಿಯವರ ಕ್ಯಾಚನ್ನು ಇನ್ನೊಬ್ಬ ಅಂಪೈರ್ ಮಾರ್ಕ್ ಬೆನ್ಸನ್ ಆಸ್ಟ್ರೇಲಿಯದ ನಾಯಕ ರಿಕಿ ಪಾಂಟಿಂಗರ ಮಾತಿನ ಮೇಲೆ ಇತ್ಯರ್ಥ ಮಾಡಿದರು. ಭಾರತ 122 ರನ್ನುಗಳಿಂದ ಸೋತಿತು. ನಮ್ಮ ದೇಶದ ಕೆಲವು ಊರುಗಳಲ್ಲಿ ಅಂಪೈರುಗಳ ಪ್ರತಿಕೃತಿಗಳು ಉರಿದವು. ನಮ್ಮ ಮಂಡಳಿಯ ಒತ್ತಡಕ್ಕೆ ಮಣಿದು ಪರ್ತ್ ಟೆಸ್ಟಿನಿಂದ ಬಕ್ನರರನ್ನು ತೆಗೆದು ಬಿಲಿ ಬೌಡನ್ನರನ್ನು ಹಾಕಲಾಯಿತು.

ಇಷ್ಟೂ ನಿಜ. ತಪ್ಪು ನಡೆದದ್ದು ನಿಜ, ಅನ್ಯಾಯವಾದದ್ದು ನಿಜ. ಸಿಡ್ನಿಯಲ್ಲಿ ಎರಡು ತಪ್ಪು ಮಾಡಿದೆನೆಂದು ಬಕ್ನರರೇ 2020ರಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಈ ಪುರಾಣವನ್ನು ಬಾಯಿಪಾಠವಾಗಿ ಹೇಳುವ ಅಭಿಮಾನಿಯನ್ನು ಒಂದು ಪ್ರಶ್ನೆ ಕೇಳಿ ನೋಡಿ: ಅದೇ ಇನಿಂಗ್ಸಿನಲ್ಲಿ ಪಾಂಟಿಂಗ್ 55 ರನ್ನಿಗೆ ಔಟಾದದ್ದು ಹೇಗೆ? ಹರ್ಭಜನರ ಚೆಂಡು ಬ್ಯಾಟಿಗೆ ತಾಗಿದ್ದರೂ ಎಲ್.ಬಿ.ಡಬ್ಲ್ಯು. ಕೊಟ್ಟಿದ್ದರು! ಅದಕ್ಕೂ ಮೊದಲು ಪಾಂಟಿಂಗರಿಗೆ ಒಂದು ಜೀವದಾನ ಸಿಕ್ಕಿತ್ತೆಂಬುದು ನೆನಪಿರುವವರಿಗೆ ಇದು ನೆನಪಿರುವುದಿಲ್ಲ. ಕೊನೆಯ ಗಳಿಗೆಯಲ್ಲಿ ಮೈಕೇಲ್ ಕ್ಲಾರ್ಕ್ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತು ಪಂದ್ಯ ಮುಗಿಸಿದರು. ಆ ಓವರನ್ನು ಅಂಪೈರು ಬೋಲ್ ಮಾಡಲಿಲ್ಲ. ಇದನ್ನೂ ಯಾರೂ ಹೇಳುವುದಿಲ್ಲ. ನೆನಪೆಂಬುದು ಗುಮಾಸ್ತನ ಕಡತವಿದ್ದಂತೆ: ಬೇಕಾದ ಕಾಗದ ಮೇಲೆ, ಬೇಡದ್ದು ತಳದಲ್ಲಿ.

ಈಗ ಕಡತದ ತಳಕ್ಕೆ ಕೈ ಹಾಕೋಣ. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. 420 ರನ್ನುಗಳ ಗುರಿ ಬೆನ್ನಟ್ಟಿದ್ದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ಮಾಡಿತ್ತು. ಅಲ್ಲಿಂದ ಮುಂದೆ ಕುಂಬ್ಳೆ ಒಬ್ಬರೇ ಹತ್ತೂ ವಿಕೆಟ್ ಪಡೆದರು, 74 ರನ್ನಿಗೆ. ಪಾಕಿಸ್ತಾನ 207ಕ್ಕೆ ಮುಗಿಯಿತು. ನಮ್ಮ ನಾಡಿನ ಹೆಮ್ಮೆಯ ದಿನ ಅದು, ಇಂದಿಗೂ ಹೆಮ್ಮೆಯೇ. ಹತ್ತು ವಿಕೆಟ್ಟುಗಳೂ ಬಿದ್ದ ತುದಿಯಲ್ಲಿ ನಿಂತಿದ್ದ ಅಂಪೈರ್ ಯಾರು? ಎ. ವಿ. ಜಯಪ್ರಕಾಶ್. ಬೋಲರೂ ಕರ್ನಾಟಕದವರು, ಅಂಪೈರೂ ಕರ್ನಾಟಕದವರು. ಹತ್ತರಲ್ಲಿ ಮೂರು ಎಲ್.ಬಿ.ಡಬ್ಲ್ಯು. ಮೊದಲು ಔಟಾದ ಶಾಹಿದ್ ಅಫ್ರಿದಿ ಚೆಂಡು ಬ್ಯಾಟಿಗೆ ತಾಗಲಿಲ್ಲವೆಂಬ ಭಾವದಿಂದ ಮುಖ ಗಂಟಿಕ್ಕಿಕೊಂಡೇ ಮೈದಾನ ಬಿಟ್ಟರು. ಅಂದಹಾಗೆ, ಎದುರು ತುದಿಯಲ್ಲಿ ತಟಸ್ಥ ದೇಶದವರೆಂದು ನಿಂತಿದ್ದ ಅಂಪೈರು ಇನ್ನಾರೂ ಅಲ್ಲ, ಇದೇ ಬಕ್ನರ್.

ಜಯಪ್ರಕಾಶರು ಪಕ್ಷಪಾತ ಮಾಡಿದರೆಂದು ನಾನು ಹೇಳುತ್ತಿಲ್ಲ. ಹಾಗೆನ್ನಲು ನನ್ನಲ್ಲಿ ಆಧಾರವಿಲ್ಲ. ನಾನು ಕೇಳುವುದಿಷ್ಟೆ. ದೃಶ್ಯವನ್ನು ಒಮ್ಮೆ ತಿರುಗಿಸಿ ನೋಡಿ. ಮೈದಾನ ಲಾಹೋರಿನದು, ಬೋಲರು ಲಾಹೋರಿನವರು, ಅಂಪೈರೂ ಲಾಹೋರಿನವರು. ನಮ್ಮ ಹತ್ತೂ ಜನ ಆ ಒಂದೇ ಬೆರಳಿಗೆ ಔಟಾಗಿ ಬಂದಿದ್ದಾರೆ. ಆಗ ನಾವು ಏನೆನ್ನುತ್ತಿದ್ದೆವು? ದಾಖಲೆಯೆಂದು ಚಪ್ಪಾಳೆ ತಟ್ಟುತ್ತಿದ್ದೆವೆ? ಉತ್ತರ ವಾಚಕರಿಗೆ ಗೊತ್ತಿದೆ. ಹೆತ್ತವರಿಗೆ ಹೆಗ್ಗಣ ಮುದ್ದೆಂಬುದು ಮಕ್ಕಳ ವಿಷಯದಲ್ಲಿ ಕ್ಷಮ್ಯ; ನ್ಯಾಯದ ವಿಷಯದಲ್ಲಿ ಅಲ್ಲ.

ಪರದೇಶದ ಜಗಳ ಬೇಡ, ಮನೆಯೊಳಗಿನ ಜಗಳವನ್ನೇ ನೋಡೋಣವೆನ್ನುವವರಿಗೆ 2019ರ ಜನವರಿಯ ಬೆಂಗಳೂರು ಇದೆ. ಆ ತಿಂಗಳ ಮೊದಲ ವಾರದಲ್ಲಿ ಭಾರತ ಆಸ್ಟ್ರೇಲಿಯದ ನೆಲದಲ್ಲಿ ಮೊಟ್ಟಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಿತ್ತು. 521 ರನ್ ಮಾಡಿದ ಚೇತೇಶ್ವರ ಪೂಜಾರರನ್ನು ಇಡೀ ದೇಶ ಹೊತ್ತು ಮೆರೆಸಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಪೂಜಾರ ಚಿನ್ನಸ್ವಾಮಿ ಮೈದಾನದಲ್ಲಿ ಸೌರಾಷ್ಟ್ರದ ಪರವಾಗಿ ಕರ್ನಾಟಕದ ಎದುರು ರಣಜಿ ಸೆಮಿಫೈನಲ್ ಆಡಿದರು. ವಿನಯ್ ಕುಮಾರರ ಚೆಂಡು ಅವರ ಬ್ಯಾಟು ಸವರಿ ಕೀಪರನ ಕೈಗೆ ಹೋದಂತೆ ಎಲ್ಲರಿಗೂ ಕಂಡಿತು, ಅಂಪೈರರಿಗೆ ಕಾಣಲಿಲ್ಲ. ಪೂಜಾರ ಕದಲಲಿಲ್ಲ, ಔಟಾಗದೆ 131 ಮಾಡಿ ತಂಡವನ್ನು ಗೆಲ್ಲಿಸಿದರು. ನಮ್ಮ ಗ್ಯಾಲರಿ ಅವರಿಗೆ ಕೊಟ್ಟ ಬಿರುದು ‘ಚೀಟರ್’.

ಪೂಜಾರ ಮಾಡಿದ್ದು ಸೈಮಂಡ್ಸ್ ಮಾಡಿದ್ದನ್ನೇ, ಅಂಪೈರು ಬೆರಳೆತ್ತುವವರೆಗೆ ನಿಂತದ್ದು. ಅದು ಅಕ್ರಮವಾದರೆ ಭಾರತದ ಅಂಗಿ ತೊಟ್ಟಾಗಲೂ ಅಕ್ರಮ. ಸಕ್ರಮವಾದರೆ ಬೆಂಗಳೂರಿನಲ್ಲೂ ಸಕ್ರಮ. ಅಂಗಿಯ ಬಣ್ಣ ನೋಡಿ ಧರ್ಮವನ್ನು ತೀರ್ಮಾನಿಸುವುದಾದರೆ ಪಕ್ಷಪಾತಿ ಯಾರು?

ಈ ರೋಗ ನಮ್ಮೊಬ್ಬರದೇ ಅಲ್ಲವೆಂಬುದು ಸಣ್ಣ ಸಮಾಧಾನ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಒಂದು ಒರಟು ಫುಟ್ಬಾಲ್ ಪಂದ್ಯ ನಡೆಯಿತು. ಮೂಗು ಮುರಿಯಿತು, ಕಾಲು ಮುರಿಯಿತು. ಹೇಸ್ಟಾರ್ಫ್, ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಿರೆಂದರು. ಅದೇ ಪರದೆ, ಅದೇ ಚಿತ್ರ. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡದ್ದಕ್ಕಿಂತ ಪ್ರಿನ್ಸ್‌ಟನ್ ಹುಡುಗರಿಗೆ ಎರಡರಷ್ಟಕ್ಕೂ ಹೆಚ್ಚಾಗಿ ಕಂಡವು. ಅವರಾರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಯೊಬ್ಬನೂ ತಾನು ಕಂಡದ್ದನ್ನೇ ಹೇಳಿದ್ದ. ನಾವು ಕಣ್ಣಿನಿಂದ ನೋಡುತ್ತೇವೆಂದು ತಿಳಿದಿದ್ದೇವೆ. ಎಷ್ಟೋ ಸಲ ನೋಡುವುದು ಎದೆಗೆ ಚುಚ್ಚಿಕೊಂಡ ಬಿಲ್ಲೆ.

ಹಾಗಾದರೆ ಪಕ್ಷಪಾತವೆಂಬುದು ಬರಿಯ ಭ್ರಮೆಯೆ? ಖಂಡಿತ ಅಲ್ಲ. ಆತಿಥೇಯ ದೇಶದವರೇ ಎರಡೂ ಕಡೆ ಅಂಪೈರಾಗಿ ನಿಲ್ಲುತ್ತಿದ್ದ ಕಾಲದಲ್ಲಿ ಅದು ಎಲ್ಲ ದೇಶಗಳಲ್ಲೂ ಪಿಸುಮಾತಿನ ವಿಷಯವಾಗಿತ್ತು. ಇದಕ್ಕೆ ಮದ್ದು ಹುಡುಕುವುದರಲ್ಲಿ ಮುಂದಾದದ್ದು, ಎಲ್ಲರೂ ಬೆರಳು ತೋರಿಸುತ್ತಿದ್ದ ಪಾಕಿಸ್ತಾನವೇ. 1986ರಲ್ಲಿ ಲಾಹೋರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಡೆದ ಟೆಸ್ಟಿಗೆ ಅಂಪೈರಾಗಿ ಅವರು ಕರೆಸಿಕೊಂಡದ್ದು ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪೀಲೂ ರಿಪೋರ್ಟರ್ ಅವರನ್ನು. 1989ರಲ್ಲಿ ಭಾರತ ಅಲ್ಲಿಗೆ ಹೋದಾಗ ಇಂಗ್ಲೆಂಡಿನ ಇಬ್ಬರು ಬಂದು ನಿಂತರು. 1994ರಿಂದ ಪ್ರತಿ ಟೆಸ್ಟಿಗೂ ಒಬ್ಬ, 2002ರಿಂದ ಇಬ್ಬರೂ ತಟಸ್ಥ ದೇಶದವರೆಂದು ನಿಯಮವಾಯಿತು. 1986ರಿಂದ 2012ರವರೆಗಿನ ಸಾವಿರ ಟೆಸ್ಟುಗಳನ್ನು ತೂಗಿ ನೋಡಿದ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು 2015ರಲ್ಲಿ ಹೇಳಿದ್ದೂ ಇದನ್ನೇ: ಇಬ್ಬರೂ ಆತಿಥೇಯ ಅಂಪೈರುಗಳಿದ್ದಾಗ ಪ್ರವಾಸಿ ತಂಡಕ್ಕೆ ಎಲ್.ಬಿ.ಡಬ್ಲ್ಯು. ಹೆಚ್ಚು, ಒಬ್ಬರು ಹೊರಗಿನವರಾದಾಗ ಕಡಮೆ, ಇಬ್ಬರೂ ಹೊರಗಿನವರಾದಾಗ ಆ ವ್ಯತ್ಯಾಸವೇ ಇಲ್ಲ.

ಅಂಪೈರು ವಾಲುವುದು ಏಕೆ? ಲಂಚಕ್ಕಲ್ಲ, ಪಿತೂರಿಗಲ್ಲ. ಇದಕ್ಕೆ ಉತ್ತರ ಫುಟ್ಬಾಲಿನಿಂದ ಬಂದಿದೆ. ಇಂಗ್ಲೆಂಡಿನಲ್ಲಿ 40 ಮಂದಿ ಅರ್ಹ ರೆಫರಿಗಳಿಗೆ ಲಿವರ್‌ಪೂಲ್ ತನ್ನ ಮೈದಾನದಲ್ಲಿ ಆಡಿದ ಒಂದು ಪಂದ್ಯದ ದೃಶ್ಯಗಳನ್ನು ತೋರಿಸಿ ತೀರ್ಪು ಕೇಳಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲ ಕೇಳುತ್ತಿತ್ತು, ಉಳಿದವರಿಗೆ ಚಿತ್ರ ಮಾತ್ರ, ಸದ್ದಿಲ್ಲ. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗದ್ದಲ ಕೇಳಿದವರು ಆತಿಥೇಯ ತಂಡದ ಮೇಲೆ ಹೊರಿಸಿದ ತಪ್ಪುಗಳು ಶೇಕಡಾ 15ರಷ್ಟು ಕಡಮೆ! ಸ್ಪೇನಿನ ಲೀಗಿನಲ್ಲಿ ಊರಿನ ತಂಡ ಒಂದು ಗೋಲಿನಿಂದ ಹಿಂದಿದ್ದರೆ ರೆಫರಿ ಕೊನೆಯಲ್ಲಿ ಹೆಚ್ಚು ನಿಮಿಷ ಆಡಿಸುತ್ತಾರೆ, ಮುಂದಿದ್ದರೆ ಬೇಗ ಸೀಟಿ ಊದುತ್ತಾರೆಂದು 2005ರ ಇನ್ನೊಂದು ಅಧ್ಯಯನ ತೋರಿಸಿತು. ರೆಫರಿಯನ್ನು ಬಾಗಿಸುವ ಕೈ ಗ್ಯಾಲರಿಯ ಕೂಗು. ಎಂದರೆ, ಪಕ್ಷಪಾತವೆಂದು ಅರಚುವ ಬಾಯಿಯೇ ಪಕ್ಷಪಾತದ ಮೂಲ! ಕಳ್ಳನನ್ನು ಹಿಡಿಯಿರೆಂದು ಮುಂದೆ ಓಡುತ್ತಿರುವವನ ಜೇಬನ್ನು ತಡಕಿ ನೋಡಬೇಕಾದ ಸಂದರ್ಭವಿದು.

ಇಲ್ಲಿ ಕೆಲವರು ಎದ್ದು, ‘ಸ್ವಾಮಿ, ಇದು ಬಿಳಿಯರ ಆಟ, ನಮ್ಮ ಸಂಶಯಕ್ಕೆ ಚರಿತ್ರೆಯಿದೆ’ ಎನ್ನುತ್ತಾರೆ. ಚರಿತ್ರೆ ಇದೆ. 2001ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಮ್ಯಾಚ್ ರೆಫರಿ ಮೈಕ್ ಡೆನೆಸ್ ಸಚಿನ್ ತೆಂಡುಲ್ಕರರೂ ಸೇರಿ ನಮ್ಮ ಆರು ಮಂದಿಯನ್ನು ಒಂದೇ ಪಂದ್ಯದಲ್ಲಿ ಶಿಕ್ಷಿಸಿದಾಗ ದೇಶ ಕೆರಳಿದ್ದು ಅಕಾರಣವಲ್ಲ. ಆದರೆ ಬಕ್ನರ್ ಜಮೈಕದ ಕರಿಯ. ಅವರಿಗೆ ಆಸ್ಟ್ರೇಲಿಯದ ಮೇಲೇಕೆ ವ್ಯಾಮೋಹ? ಮೇಲಾಗಿ ಕಾಲ ತಿರುಗಿದೆ. ಕ್ರಿಕೆಟ್ಟಿನ ಹಣದ ಚೀಲ ಇಂದು ನಮ್ಮ ಕೈಯಲ್ಲಿದೆ. 2024ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಮಂಡಳಿಯ ಅಧ್ಯಕ್ಷ ಪೀಠವೇರಿದವರೂ ನಮ್ಮವರೇ. ಅಂಪೈರುಗಳು ಭಾರತಕ್ಕೆ ಹೆದರುತ್ತಾರೆಂದು ಈಗ ಉಳಿದ ದೇಶದವರು ಗೊಣಗುತ್ತಾರೆ. ಅವರದು ಹೊಟ್ಟೆಯುರಿ, ನಮ್ಮದು ಸತ್ಯಾಗ್ರಹ ಎನ್ನೋಣವೆ?

ಯಂತ್ರ ಬಂದರೆ ಎಲ್ಲ ಸರಿಹೋಗುವುದೆಂದು ಹೇಳುತ್ತಿದ್ದರು. ಸಿಡ್ನಿಯ ಆರೇ ತಿಂಗಳ ಮೇಲೆ, 2008ರ ಜುಲೈಯಲ್ಲಿ, ಶ್ರೀಲಂಕಾದಲ್ಲಿ ಮರುಪರಿಶೀಲನೆಯ ಪದ್ಧತಿಯನ್ನು ಪರೀಕ್ಷಿಸಿದರು. ಅದರಿಂದ ತಮಗೆ ಲಾಭವಾಗಲಿಲ್ಲವೆಂದು ಕಂಡ ಮೇಲೆ, ಅಂಪೈರನ ತಪ್ಪಿಗೆ ಅತಿ ಹೆಚ್ಚು ಅತ್ತ ದೇಶವೇ ತಾನಾಡುವ ಟೆಸ್ಟ್ ಸರಣಿಗಳಲ್ಲಿ ಆ ಪದ್ಧತಿಯನ್ನು ಪೂರ್ಣ ರೂಪದಲ್ಲಿ ಒಪ್ಪಲು 2016ರವರೆಗೆ ಸತಾಯಿಸಿತು. ಕೊನೆಗೆ ಒಪ್ಪಿದ್ದಾಯಿತು. ಜಗಳ ನಿಂತಿತೆ? 2022ರ ಜನವರಿ, ಕೇಪ್‌ಟೌನ್. ಸೋಂಕಿನ ಕಾಲವಾದ್ದರಿಂದ ಅಂಪೈರುಗಳು ಆತಿಥೇಯ ದೇಶದವರೇ. ಅಶ್ವಿನರ ಚೆಂಡಿಗೆ ದಕ್ಷಿಣ ಆಫ್ರಿಕದ ನಾಯಕ ಡೀನ್ ಎಲ್ಗರ್ ಔಟೆಂದು ಬೆರಳೆತ್ತಿದವರು ದಕ್ಷಿಣ ಆಫ್ರಿಕದವರೇ ಆದ ಮರೈ ಎರಾಸ್ಮಸ್. ಚೆಂಡು ವಿಕೆಟ್ಟಿನ ಮೇಲಿಂದ ಹೋಗುತ್ತಿತ್ತೆಂದು ಯಂತ್ರ ತೋರಿಸಿದ್ದರಿಂದ ಆ ತೀರ್ಪು ಬದಲಾಯಿತು. ಒಡನೆ ನಮ್ಮ ಘಟಾನುಘಟಿ ಆಟಗಾರರು ಸ್ಟಂಪಿನ ಮೈಕಿಗೆ ಬಾಯಿಟ್ಟು, ಪ್ರಸಾರ ಮಾಡುವ ಕಂಪೆನಿಯೂ ಇಡೀ ದೇಶವೂ ತಮ್ಮ ವಿರುದ್ಧ ಆಡುತ್ತಿದೆಯೆಂದು ಕೂಗಾಡಿದರು. ಆ ದಿನ ಆತಿಥೇಯ ಅಂಪೈರು ನಮ್ಮ ಪರ ತೀರ್ಪಿತ್ತಿದ್ದರು. ಪಕ್ಷಪಾತಿಯಾದದ್ದು ಪಾಪ, ಯಂತ್ರ! ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈಗ ನೆಲ ಅಳೆಯುವ ಪಟ್ಟಿಯೂ ಡೊಂಕು.

ಆಟದ ಜಗಳ ತಾನೆ, ಇಷ್ಟೇಕೆ ಉದ್ದ ಮಾತೆನ್ನಬಹುದು. ದೂರದರ್ಶನದ ಅಂಪೈರಿಗೆ ಕಾವಲಿದೆ, ಸಂಬಳವಿದೆ. ಶಾಲೆಯ ಮೈದಾನದಲ್ಲಿ, ತಾಲ್ಲೂಕಿನ ಕಬಡ್ಡಿ ಪಂದ್ಯದಲ್ಲಿ, ಭಾನುವಾರದ ಟೆನಿಸ್ ಚೆಂಡಿನ ಟೂರ್ನಮೆಂಟಿನಲ್ಲಿ ಬಿಸಿಲಿಗೆ ನಿಂತು ಸೀಟಿ ಊದುವವನಿಗೆ ಏನಿದೆ? ಅವನ ಸುತ್ತ ಹನ್ನೊಂದು ಮಂದಿ ನೆರೆದು ತೋಳೇರಿಸುವುದನ್ನು ಹುಡುಗರು ಕಲಿತದ್ದು ನಮ್ಮಿಂದ. ಇಂದು ಅಂಪೈರು ಮಾರಿಕೊಂಡನೆನ್ನುವ ನಾಲಗೆ ನಾಳೆ ತನಗಾಗದ ತೀರ್ಪಿತ್ತ ನ್ಯಾಯಾಧೀಶನನ್ನೂ, ಮಗನಿಗೆ ಅಂಕ ಕಡಮೆ ಕೊಟ್ಟ ಮೇಷ್ಟರನ್ನೂ ಅದೇ ಮಾತಿನಿಂದ ಹೊಡೆಯುತ್ತದೆ. ತೀರ್ಪು ನಮ್ಮ ಪರವಾಗಿದ್ದರೆ ಮಾತ್ರ ನ್ಯಾಯ ಎನ್ನುವ ಜನರ ನಡುವೆ ಯಾವ ನ್ಯಾಯಪೀಠವೂ ಬಹಳ ಕಾಲ ನೆಟ್ಟಗೆ ನಿಲ್ಲಲಾರದು.

ತಪ್ಪಾದ ತೀರ್ಪನ್ನು ತಪ್ಪೆನ್ನಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಆ ಹಕ್ಕು ಪುಕ್ಕಟೆಯಲ್ಲ. ಅನ್ಯಾಯವಾಗಿ ನಮಗೆ ದಕ್ಕಿದ ವಿಕೆಟ್ಟನ್ನು ಅನ್ಯಾಯವೆಂದು ಗಟ್ಟಿಯಾಗಿ ಹೇಳಿದವನಿಗೆ ಮಾತ್ರ, ಕಳೆದುಕೊಂಡ ವಿಕೆಟ್ಟಿಗೆ ಕೂಗುವ ಅಧಿಕಾರ. ಈ ಶರತ್ತಿಗೆ ಒಪ್ಪುವವರು ಕೈಯೆತ್ತಲಿ. ಅಂಪೈರುಗಳನ್ನು ಬದಲಾಯಿಸಿದ್ದಾಯಿತು, ನಿಯಮ ತಿದ್ದಿದ್ದಾಯಿತು, ಹತ್ತು ದಿಕ್ಕಿಗೂ ಕ್ಯಾಮರಾ ಇಟ್ಟದ್ದಾಯಿತು. ಎಪ್ಪತ್ತು ವರ್ಷಗಳ ಹಿಂದೆ ಪ್ರಿನ್ಸ್‌ಟನ್ನಿನ ಹುಡುಗರು ಕುಳಿತಿದ್ದ ಜಾಗದಿಂದ ಇನ್ನೂ ಏಳದೆ ಉಳಿದಿರುವವರು ಪ್ರೇಕ್ಷಕರಾದ ನಾವು ಮಾತ್ರ.