ಓಟಕ್ಕಿಂತ ಮೊದಲು ನಿಲುಗಡೆ

ಹುನಗುಂದ, ಇಳಕಲ್ಲಿನ ತರುಣರಿಗೆ ವೇಗದ ಮೋಟಾರ್ ಸೈಕಲ್ಲಿನ ಮೇಲೆ ಮೋಹವುಂಟು. ಹೊಸದಕ್ಕೆ ಹಣ ಸಾಲದವರು ಹಳೆಯದನ್ನು ಕೊಳ್ಳುತ್ತಾರೆ. ಇದನ್ನು ನಾವು ತಪ್ಪೆನ್ನಲಾರೆವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಇಂದಿಗೂ ಓಡುತ್ತಿವೆ. ಆದರೆ ಕೊಂಡ ಮರುದಿನವೇ ಸೈಲೆನ್ಸರು ಬದಲಿಸಿ, ಬಣ್ಣ ಬಳಿಸಿ, ಹೆದ್ದಾರಿಗಿಳಿಯುವುದನ್ನು ನಾವು ಒಪ್ಪೆವು.

ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. ಗಂಟೆಗೆ 40 ಕಿಲೋಮೀಟರಿದ್ದ ವೇಗವು 80 ಆದರೆ ಶಕ್ತಿಯು ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರವೂ ಸುಮಾರು ಅಷ್ಟೇ ಪಟ್ಟು ಬೆಳೆಯುತ್ತದೆ. ಕತ್ತಲಲ್ಲಿ ಗ್ರಾನೈಟ್ ಹೊತ್ತ ಲಾರಿಯೊಂದು ದಾರಿಯಲ್ಲಿ ನಿಂತಿದ್ದರೆ ಪ್ರಾಣವು ಈ ಗಣಿತದ ಮೇಲೆಯೇ ನಿಂತಿರುತ್ತದೆ.

ಆದುದರಿಂದ ಚಳಿಗಾಲದ ಎರಡು ತಿಂಗಳನ್ನು ಸಿದ್ಧತೆಗೆ ಮೀಸಲಿಡುವುದು ಲೇಸು. ಚಾಸಿಯ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ತಾಳೆನೋಡಿ, ಬಾಗಲಕೋಟೆಯ ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಟಾಯರಿನ ಮಗ್ಗುಲಿನ ನಾಲ್ಕು ಅಂಕಿಗಳನ್ನು ಓದಬೇಕು: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ರಬ್ಬರು ಸುಮ್ಮನಿದ್ದರೂ ಗಟ್ಟಿಯಾಗುತ್ತದೆ. ಡಿಸ್ಕ್ ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿ ಬೇಗ ಕುದಿಯುವಂತಾಗುತ್ತದೆ, ಅದನ್ನು ಬದಲಿಸಬೇಕು. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಕೊಳವೆಗಳನ್ನೂ ಪರೀಕ್ಷಿಸಬೇಕು. ಹಣ ಉಳಿದರೆ ಎಂಜಿನ್ನಿಗೂ ಬಣ್ಣಕ್ಕೂ ಆಮೇಲೆ ವೆಚ್ಚಮಾಡಬಹುದು.

ಹೀಗೆ ಸಿದ್ಧವಾದ ಗಾಡಿಯನ್ನೇರಿ ನಮ್ಮ ತರುಣರು ಬನಶಂಕರಿಯ ಜಾತ್ರೆಗೆಂದು ಬಾದಾಮಿಗೆ ಹೋಗಿಬರಲಿ. ಮನೆಯವರು ನಿಶ್ಚಿಂತೆಯಿಂದ ನಿದ್ರಿಸುವರು.