ತಪ್ಪು ಒಪ್ಪಿಕೊಂಡ ನರ್ಸ್‌ಗೆ ಆಸರೆ ಎಲ್ಲಿದೆ?

ಅಮೆರಿಕದ ನ್ಯಾಶ್‌ವಿಲ್ ನಗರದ ಆಸ್ಪತ್ರೆಯೊಂದರಲ್ಲಿ 2017ರ ಡಿಸೆಂಬರ್‌ನಲ್ಲಿ ನರ್ಸ್ ರಡೊಂಡಾ ವಾಟ್ ಅವರು ಸ್ಕ್ಯಾನ್‌ಗೆ ಹೋಗಿದ್ದ ವೃದ್ಧೆಯೊಬ್ಬರಿಗೆ ಆತಂಕ ತಗ್ಗಿಸುವ ಮದ್ದಿನ ಬದಲು ವೆಕ್ಯುರೋನಿಯಂ ಕೊಟ್ಟರು. ಅದು ಉಸಿರಾಟದ ಸ್ನಾಯುಗಳನ್ನೂ ನಿಶ್ಚಲಗೊಳಿಸುವ ಔಷಧ. ರೋಗಿ ಉಳಿಯಲಿಲ್ಲ. ತಪ್ಪು ತಿಳಿದ ಕೂಡಲೇ ವಾಟ್ ಅದನ್ನು ಮುಚ್ಚಿಡದೆ ಒಪ್ಪಿಕೊಂಡರು. ಆದರೂ ಮೊದಲು ಕೆಲಸ ಹೋಯಿತು, ಆಮೇಲೆ ನರ್ಸಿಂಗ್ ಪರವಾನಗಿ ರದ್ದಾಯಿತು. 2022ರ ಮಾರ್ಚ್‌ನಲ್ಲಿ ನ್ಯಾಯಾಲಯದಲ್ಲಿ ಅವರು ಅಪರಾಧಿ ಎಂದು ತೀರ್ಮಾನವಾಯಿತು. ಸೆರೆವಾಸ ತಪ್ಪಿ, ಮೂರು ವರ್ಷಗಳ ಪ್ರೊಬೇಷನ್ ವಿಧಿಸಲಾಯಿತು. ಇನ್ನು ಮುಂದೆ ನರ್ಸ್‌ಗಳು ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಾರೆ ಎಂದು ಅಲ್ಲಿನ ನರ್ಸ್‌ಗಳ ರಾಷ್ಟ್ರೀಯ ಸಂಘ ಆತಂಕ ವ್ಯಕ್ತಪಡಿಸಿತು.

ಆ ಆತಂಕ ನಮ್ಮದೂ ಆಗಬೇಕು. ವೈದ್ಯರ ಬರಹ, ಫಾರ್ಮಸಿಯ ವಿತರಣೆ, ಒಂದೇ ತೆರನಾಗಿ ಕಾಣುವ ಶೀಶೆಗಳು, ತುಂಬಿ ತುಳುಕುವ ವಾರ್ಡು– ಇವೆಲ್ಲವನ್ನೂ ದಾಟಿ ಬಂದ ಮದ್ದನ್ನು ಕೊನೆಗೆ ರೋಗಿಯ ದೇಹಕ್ಕೆ ಸೇರಿಸುವುದು ನರ್ಸ್‌ನ ಕೈ. ಹಿಂದಿನ ಯಾವ ಹಂತದಲ್ಲಿ ಲೋಪವಾಗಿದ್ದರೂ ಬೆರಳು ತೋರುವುದು ಆ ಕೈಯತ್ತಲೇ.

ಅನಾಹುತವಾದ ಮೇಲೆ ಅಂಥ ನರ್ಸ್‌ನ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ಮಿಸೌರಿ ವಿಶ್ವವಿದ್ಯಾಲಯದ ಸೂಸನ್ ಸ್ಕಾಟ್ ಮತ್ತು ಸಂಗಡಿಗರು 2009ರ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಮೊದಲು ದಿಗ್ಭ್ರಮೆ. ನಂತರ ಆ ಕ್ಷಣವೇ ಕಣ್ಣೆದುರು ಮತ್ತೆ ಮತ್ತೆ ಬರುವುದು, ‘ಇನ್ನೊಮ್ಮೆ ಲೇಬಲ್ ನೋಡಿದ್ದರೆ’ ಎಂಬ ಕೊರಗು. ಸಹೋದ್ಯೋಗಿಗಳು ತನ್ನನ್ನು ಇನ್ನು ನಂಬುತ್ತಾರೆಯೇ, ಕೆಲಸ ಉಳಿದೀತೇ ಎಂಬ ಅಳುಕು. ವಿಚಾರಣೆಯ ಸಂಕಟ ಬೇರೆ. ಕೊನೆಗೆ ಕೆಲವರು ವೃತ್ತಿಯನ್ನೇ ಬಿಡುತ್ತಾರೆ, ಕೆಲವರು ಗಾಯ ಹೊತ್ತುಕೊಂಡೇ ದುಡಿಯುತ್ತಾರೆ, ಕೆಲವರು ಅನುಭವದಿಂದ ಕಲಿತು ಗಟ್ಟಿಯಾಗುತ್ತಾರೆ. ಈ ಮೂರರಲ್ಲಿ ಯಾವ ದಾರಿ ಎಂಬುದರಲ್ಲಿ, ಆ ದಿನಗಳಲ್ಲಿ ಜೊತೆಗೆ ಯಾರು ನಿಂತರು ಎಂಬುದರ ಪಾತ್ರ ದೊಡ್ಡದು. ನಿದ್ದೆಗೆಟ್ಟು, ಕೈ ನಡುಗುತ್ತಾ ಮರುದಿನ ಡ್ಯೂಟಿಗೆ ಬಂದ ನರ್ಸ್ ಇನ್ನೊಂದು ತಪ್ಪು ಮಾಡುವ ಸಾಧ್ಯತೆಯೂ ಹೆಚ್ಚು. ಹಾಗಾಗಿ ಆಕೆಗೆ ಆಸರೆಯಾಗುವುದು ಮುಂದಿನ ಹಾಸಿಗೆಯ ರೋಗಿಯ ರಕ್ಷಣೆಯೂ ಹೌದು.

ಭಾರತದ ಕಾನೂನು ಈ ವಿಷಯದಲ್ಲಿ ನರ್ಸ್‌ಗಳನ್ನು ಇನ್ನಷ್ಟು ಒಂಟಿಯಾಗಿಸಿದೆ. ಹಳೆಯ ದಂಡ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಗರಿಷ್ಠ ಎರಡು ವರ್ಷ ಸೆರೆವಾಸವಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು ಐದು ವರ್ಷಕ್ಕೆ ಏರಿಸಿತು. ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷದ ಮಿತಿ ಉಳಿಯಿತು. ವೈದ್ಯಕೀಯ ರಿಜಿಸ್ಟರ್‌ನಲ್ಲಿ ಹೆಸರಿಲ್ಲದ ನರ್ಸ್ ಆ ವಿನಾಯಿತಿಯಿಂದ ಹೊರಗೆ. ಅಂದರೆ ಒಂದೇ ವಾರ್ಡಿನಲ್ಲಿ, ಒಂದೇ ರೋಗಿಯ ಆರೈಕೆಯಲ್ಲಿ ಆದ ಲೋಪಕ್ಕೆ ವೈದ್ಯರಿಗೆ ಹೆಚ್ಚೆಂದರೆ ಎರಡು ವರ್ಷ, ನರ್ಸ್‌ಗೆ ಐದು ವರ್ಷ. ಈ ಅಸಮಾನತೆಗೆ ಯಾವ ಸಮರ್ಥನೆಯೂ ಇಲ್ಲ.

ಆಪ್ತರನ್ನು ಕಳೆದುಕೊಂಡ ಕುಟುಂಬದ ನೋವಿಗಿಂತ ನರ್ಸ್‌ನ ನೋವು ದೊಡ್ಡದೇ ಎಂದು ಕೇಳಬಹುದು. ಖಂಡಿತ ಅಲ್ಲ. ಆ ಕುಟುಂಬಕ್ಕೆ ಮೊದಲು ಸತ್ಯ ತಿಳಿಯಬೇಕು, ಕ್ಷಮೆಯಾಚನೆ ಮತ್ತು ಪರಿಹಾರ ಸಿಗಬೇಕು. ಕುಡಿದು ಡ್ಯೂಟಿಗೆ ಬಂದವರನ್ನು, ದಾಖಲೆ ತಿದ್ದಿದವರನ್ನು, ಬೇಕೆಂದೇ ರೋಗಿಯನ್ನು ಕಡೆಗಣಿಸಿದವರನ್ನು ಶಿಕ್ಷಿಸಲೇಬೇಕು. ಆದರೆ ದುಡಿಮೆಯ ನಡುವೆ ಆದ ಪ್ರಾಮಾಣಿಕ ತಪ್ಪನ್ನು ಅದೇ ತಕ್ಕಡಿಯಲ್ಲಿ ತೂಗಿದರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ಕುಟುಂಬಕ್ಕೆ ಸತ್ಯವೂ ಸಿಗದು, ಅದೇ ತಪ್ಪು ಬೇರೆ ವಾರ್ಡಿನಲ್ಲಿ ಮರುಕಳಿಸುವುದೂ ತಪ್ಪದು.

ಆಸರೆಯ ಮಾದರಿಗಳು ಈಗಾಗಲೇ ಇವೆ. ಮಿಸೌರಿಯದು ಮೂರು ಹಂತದ ವ್ಯವಸ್ಥೆ: ಮೊದಲು ವಾರ್ಡಿನ ಸಹೋದ್ಯೋಗಿಗಳು, ಆಮೇಲೆ ತರಬೇತಿ ಪಡೆದ ಸಂಗಾತಿಗಳು, ಅಗತ್ಯವಿದ್ದರೆ ವೃತ್ತಿಪರ ಸಮಾಲೋಚಕರ ನೆರವು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2011ರಿಂದ ಇಂಥದ್ದೇ ತಂಡ ಹಗಲಿರುಳೂ ಕರೆಗೆ ಲಭ್ಯವಿದೆ. ಈ ನೆರವು ಪಡೆದ ಪ್ರತಿ ನರ್ಸ್‌ನಿಂದ ಆಸ್ಪತ್ರೆಗೆ ಸುಮಾರು 22,500 ಡಾಲರ್ ಉಳಿತಾಯವಾಗುತ್ತದೆ ಎಂದು ಅಲ್ಲಿನ ಲೆಕ್ಕಾಚಾರ ಹೇಳಿದೆ. ಕೆಲಸ ಬಿಡುವವರು, ರಜೆ ಹಾಕುವವರು ಕಡಿಮೆಯಾಗುವುದೇ ಅದಕ್ಕೆ ಕಾರಣ.

ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳು ಇದನ್ನು ಆರಂಭಿಸಲು ಭಾರಿ ಅನುದಾನಕ್ಕೆ ಕಾಯಬೇಕಿಲ್ಲ. ಅವಘಡವಾದ ದಿನ ಆ ನರ್ಸ್‌ನ ಉಳಿದ ಡ್ಯೂಟಿಯನ್ನು ಬೇರೊಬ್ಬರಿಗೆ ವಹಿಸಬೇಕು. ಮೆಮೊ ಕೊಡುವ ಮುನ್ನ ಆಕೆಯ ಮಾತು ಕೇಳಲು ತರಬೇತಿ ಪಡೆದ ಹಿರಿಯ ಶುಶ್ರೂಷಾಧಿಕಾರಿಯೊಬ್ಬರು ಇರಬೇಕು. ಕಾರಣ ಹುಡುಕುವ ಸಮಿತಿಯೂ ಶಿಸ್ತುಕ್ರಮದ ಸಮಿತಿಯೂ ಬೇರೆ ಬೇರೆಯಾಗಿರಬೇಕು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬ ನರ್ಸ್ ಇರಬೇಕೆಂಬ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಪಾಲನೆಯಾಗಿತ್ತೇ ಎಂಬುದು ಪ್ರತಿ ತನಿಖೆಯ ಮೊದಲ ಪ್ರಶ್ನೆಯಾಗಬೇಕು. ಸಂಸತ್ತು 106ನೇ ಸೆಕ್ಷನ್‌ನ ವಿವರಣೆಗೆ ನೋಂದಾಯಿತ ನರ್ಸ್‌ಗಳನ್ನೂ ಸೇರಿಸಬೇಕು. ‘ನನ್ನಿಂದ ತಪ್ಪಾಯಿತು’ ಎಂದು ನರ್ಸ್ ನಿರ್ಭಯವಾಗಿ ಹೇಳಬಲ್ಲ ಆಸ್ಪತ್ರೆಯಲ್ಲಿ ಮಾತ್ರ ರೋಗಿ ನಿಶ್ಚಿಂತೆಯಿಂದ ಮಲಗಬಹುದು.