ಐಹೊಳೆ ಬರೀ ಗುಡಿ ಊರಲ್ಲ, ಪ್ಯಾಟಿ ಊರು

1/5
ಐಹೊಳೆಗೆ ಹೋದವರೆಲ್ಲ ದುರ್ಗದ ಗುಡಿ ಮುಂದೆ ನಿಂತು ಒಂದು ಫೋಟೊ ಹಾಕ್ತೀರಿ. ಹಾಕ್ರಿ, ಬ್ಯಾಡ ಅನ್ನಲ್ಲ. ಆದ್ರೆ ಕ್ಯಾಪ್ಶನ್ ಮಾತ್ರ ಪ್ರತಿ ಸಲ ಒಂದೇ: "ದೇವಾಲಯಗಳ ತೊಟ್ಟಿಲು". ಅದು ಅರ್ಧ ಕತೆ ಅಷ್ಟೇ. ನಮ್ಮ ಬಾಗಲಕೋಟೆ ಜಿಲ್ಲೆಯ ಈ ಊರಿನ ಹೆಸರನ್ನು ಸಮುದ್ರ ದಾಟಿಸಿದ್ದು ವ್ಯಾಪಾರಿಗಳು. ಬಿಕಾಂ ಓದೋ ನಮಗಾದ್ರೂ ಇದು ಗೊತ್ತಿರಬೇಕು.

2/5
ಐಹೊಳೆಯ ಹಳೇ ಹೆಸರು ಅಯ್ಯಾವೊಳೆ. "ಅಯ್ಯಾವೊಳೆ ಐನೂರ್ವರು" ಅನ್ನೋ ದೊಡ್ಡ ವರ್ತಕರ ಸಂಘ ಈ ಊರಿನ ಹೆಸರಲ್ಲೇ ನಡೀತಿತ್ತು. ಷೇರು ಗೀರು ಇದ್ದ ಕಂಪನಿ ಅದಲ್ಲ. ಬೇರೆ ಬೇರೆ ಊರಿನ ವ್ಯಾಪಾರಿಗಳು ಒಂದು ಹೆಸರು, ಒಂದು ಕಟ್ಟುಪಾಡಿನ ಕೆಳಗೆ ಸೇರಿದ್ದ ಕೂಟ. ಆ ಕಟ್ಟುಪಾಡನ್ನು ಅವರು ವೀರಬಣಂಜು ಧರ್ಮ ಅಂತಿದ್ರು. ಶಿಕಾರಿಪುರ ತಾಲ್ಲೂಕಿನ 1054ರ ಶಾಸನದಲ್ಲಿ ಅವರ ಸರಕಿನ ಪಟ್ಟಿನೇ ಐತಿ: ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಸರಕಿನ ಹೇರಿಗೆ ಇಷ್ಟು ಅಂತ ಗುಡಿಗಳಿಗೆ ದಾನ ಕೊಡ್ತಿದ್ದವರೂ ಇಂಥ ವರ್ತಕರೇ. ಅಂದ್ರೆ ಗುಡಿ ಕತೆ, ಪ್ಯಾಟಿ ಕತೆ ಬೇರೆ ಬೇರೆ ಅಲ್ಲ.

3/5
ಈಗ ಇದನ್ನ ಕೇಳ್ರಿ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ಕರ್ಪೂರಕ್ಕೆ ಹೆಸರಾದ ಬಾರುಸ್ ಹತ್ತಿರ 1088ರ ಒಂದು ತಮಿಳು ಶಾಸನ ಸಿಕ್ಕೈತಿ. ಹಾಕಿಸಿದವರು ಇದೇ ಐನೂರ್ವರು. ಬಂದರಿಗೆ ಬರೋ ಹಡಗಿನವರು ಕಸ್ತೂರಿ ಬೆಲೆಗೆ ಲೆಕ್ಕ ಹಾಕಿ ಬಂಗಾರದಲ್ಲಿ ಶುಲ್ಕ ಕಟ್ಟಬೇಕು ಅಂತ ಅದರಲ್ಲಿ ಬರೆಸಿದಾರೆ. ಶುಲ್ಕ ಬಂಗಾರದಲ್ಲಿ, ಲೆಕ್ಕ ಕಸ್ತೂರಿ ಬೆಲೆಯಲ್ಲಿ! ಕಂಪನಿ ಅಂದ ಕೂಡಲೇ ನಮ್ಮ ತಲೆಗೆ ಬರೋ ಈಸ್ಟ್ ಇಂಡಿಯಾ ಕಂಪನಿ ಶುರುವಾಗಿದ್ದು 1600ರಲ್ಲಿ. ಲೆಕ್ಕ ನೀವೇ ಹಾಕ್ರಿ.

4/5
ಇನ್ನು ಗುಡಿಗಳ ಹೆಸರು ನೋಡ್ರಿ. ದುರ್ಗದ ಗುಡಿಗೆ ಆ ಹೆಸರು ಬಂದಿದ್ದು ದುರ್ಗಾದೇವಿಯಿಂದಲ್ಲ, ದುರ್ಗ ಅಂದ್ರೆ ಕೋಟೆಯಿಂದ. ಲಾಡ್ ಖಾನ್ ಗುಡಿಗೆ ಹೆಸರು ಬಂದಿದ್ದು ಹಿಂದೆ ಅದರೊಳಗೆ ವಾಸ ಇದ್ದ ಮನುಷ್ಯನಿಂದ. ಗೌಡರ ಗುಡಿ, ಅಂಬಿಗೇರ ಗುಡಿ ಅನ್ನೋ ಹೆಸರಲ್ಲೂ ಊರ ಮಂದಿನೇ ಇದ್ದಾರೆ. ರಾಜರು ಹೋದ ಮೇಲೆ ಈ ಕಲ್ಲುಗಳ ಜೊತೆ ಬದುಕಿದವರು ಅವರೇ.

5/5
ನಾನು ಇಷ್ಟೆಲ್ಲ ಹೇಳಿದ್ದು ಯಾಕಂದ್ರೆ, ಗುಡಿಗಳಿಗೆ ತಾಗಿಕೊಂಡಿರೋ ಮನೆಗಳನ್ನು ಬೇರೆ ಕಡೆ ಸ್ಥಳಾಂತರ ಮಾಡೋ ಮಾತು ವರ್ಷಗಳಿಂದ ಐತಿ. ಸ್ಮಾರಕ ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಅಲ್ಲಿರೋರ ಬದುಕೂ ಸುಲಭ ಇಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ. ಮಗನ ಮದುವೆಗೆ ಒಂದು ಖೋಲಿ ಏರಿಸೋಕೂ ಆಗಲ್ಲ. ಒಳ್ಳೆ ಮನೆ ಅವರ ಹಕ್ಕು. ನನ್ನ ತಕರಾರು ಇಷ್ಟೇ: ಮಂದಿನ ಕಳಿಸಿ, ಹುಲ್ಲುಹಾಸು ಹಾಕಿ, ಟಿಕೆಟ್ ಕೌಂಟರ್ ಇಟ್ಟರೆ ಪರಂಪರೆ ಉಳೀತು ಅಂದ್ಕೋಬಾರದು. ಎಲ್ಲಿಗೆ, ಯಾವಾಗ, ಎಷ್ಟು ಪರಿಹಾರ ಅನ್ನೋದು ಅವರನ್ನ ಕೂಡಿಸಿಕೊಂಡೇ ತೀರ್ಮಾನ ಆಗ್ಲಿ. ಗುಡಿ ಮುಂದಿನ ಅಂಗಡಿ, ಗೈಡ್ ಕೆಲಸ ಮೊದಲು ಅವರಿಗೇ ಸಿಗ್ಲಿ. ವ್ಯಾಪಾರದಿಂದ ಹೆಸರಾದ ಊರಿನ ಮಂದಿಗೆ ಅಲ್ಲೇ ವ್ಯಾಪಾರ ಇಲ್ಲ ಅಂದ್ರೆ ಹೆಂಗ್ರಿ?

ಮುಂದಿನ ಸಲ ಐಹೊಳೆಗೆ ಹೋದಾಗ ಗುಡಿ ಫೋಟೊ ತೆಗೀರಿ, ಹಂಗೇ ಓಣಿಯೊಳಗೂ ಒಂದು ಸುತ್ತು ಹಾಕ್ರಿ. ಅಲ್ಲಿನ ಅಂಗಡ್ಯಾಗ ಏನಾದ್ರೂ ತಗೋರಿ. ನಿಮ್ಮ ಊರಿನ ಹಳೇ ಪ್ಯಾಟಿ ಯಾವುದಕ್ಕೆ ಹೆಸರಾಗಿತ್ತು? ಕಾಮೆಂಟ್‌ನಲ್ಲಿ ಹೇಳ್ರಿ 👇

#ಐಹೊಳೆ #ಅಯ್ಯಾವೊಳೆಐನೂರ್ವರು #ನಮ್ಮಬಾಗಲಕೋಟೆ #ಬಿಕಾಂಹುಡುಗರು